ಕೀ ಇಲ್ಲದೆ ಕೂಗಿದ ಕಪ್ಪೆ

ಹಾರ್ನಿನ ತಂತಿಯನ್ನು ಹ್ಯಾಂಡಲ್ಲಿನ ಎಡಗಡೆಯಿಂದ ಇಳಿಸಬೇಕೋ ಬಲಗಡೆಯಿಂದ ಇಳಿಸಬೇಕೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಎರಡು ರಾಜ್ಯಗಳ ಗಡಿ ತಕರಾರು ಇದಕ್ಕಿಂತ ಕಡಿಮೆ ಕಾವಿನಲ್ಲಿ ತೀರ್ಮಾನವಾದದ್ದುಂಟು. ಕಲ್ಲು ಕ್ವಾರಿಯ ತಗಡಿನ ಷೆಡ್ಡಿನಲ್ಲಿ ಆ ಬೆಳಿಗ್ಗೆ ನಾಲ್ಕು ಜನ ಈ ಪ್ರಶ್ನೆಯ ಸುತ್ತ ನಿಂತಿದ್ದರು. ನಾಲ್ವರ ಮುಖದಲ್ಲೂ ಸಾವಿನ ಮನೆಗೆ ಸಾಲುವಷ್ಟು ಗಾಂಭೀರ್ಯವಿತ್ತು.

"ಎಡಗಡೆ," ಎಂದ ಕರೆಂಟಣ್ಣ. "ನಾನು ಯಾವತ್ತೂ ಎಡಗಡೆಯಿಂದಾನೇ ಇಳಿಸೋದು. ಬಲಗಡೆ ಆಕ್ಸಿಲರೇಟರ್ ಕೇಬಲ್ ಓಡಾಡುತ್ತೆ. ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗುತ್ತೆ."

"ಎಡಗಡೆ ಇಳಿಸಿದ್ರೇನು, ಆಕಾಶದಿಂದ ಇಳಿಸಿದ್ರೇನು?" ಎಂದರು ಮ್ಯಾನೇಜರ್. "ಕೂಗಬಾರದ ಹೊತ್ತಲ್ಲಿ ಕೂಗಿತಲ್ಲಪ್ಪ! ಅದಕ್ಕೇನು ಹೇಳ್ತೀಯ?"

ಕೂಗಿದ್ದು ಕಪ್ಪೆ. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್, ಕುದುರೆಯ ಮೇಲಿನಂತೆ ಕಾಲಗಲಿಸಿ ಕೂರುವ ಸೀಟು. ಕಲ್ಲು, ಕೆಸರು, ಏರು ಯಾವುದಕ್ಕೂ ಅಂಜದ ಗಾಡಿ. ಮಾರಿದವರು ಅದನ್ನು ಎಟಿವಿ ಎಂದಿದ್ದರು. ಅದು ಕುಪ್ಪಳಿಸುವುದನ್ನು ಕಂಡ ಕ್ವಾರಿಯವರು ಮೊದಲ ದಿನವೇ ಮರುನಾಮಕರಣ ಮಾಡಿದರು.

ಬರುವಾಗ ಕಪ್ಪೆಗೆ ಹಾರ್ನ್ ಇರಲಿಲ್ಲ. ಕಾಡುಮೇಡಿನಲ್ಲಿ ಓಡುವ ಗಾಡಿ ಯಾರನ್ನು ದಾರಿ ಬಿಡೆಂದು ಕೇಳಬೇಕು? ಆದರೆ ಕ್ವಾರಿಯ ಸೈರನ್ ಕೆಟ್ಟು ಕೂತಿತು. ಹೊಸ ಸೈರನ್ ತರುವ ಬದಲು ಕಪ್ಪೆಗೊಂದು ಹಾರ್ನ್ ಹಾಕಿಸಿದರಾಯಿತು ಎಂಬ ಉಪಾಯ ಮ್ಯಾನೇಜರರಿಗೆ ಹೊಳೆಯಿತು. ಮೂರು ಸಲ ಚಿಕ್ಕದಾಗಿ ಕೂಗಿದರೆ, ಬಂಡೆ ಸಿಡಿಯುತ್ತದೆ, ದೂರ ಹೋಗಿ. ಒಂದು ಸಲ ಉದ್ದಕ್ಕೆ ಕೂಗಿದರೆ, ಎಲ್ಲ ಮುಗಿಯಿತು, ಬನ್ನಿ.

ಕಳೆದ ವಾರ ಅದು ಉದ್ದಕ್ಕೆ ಕೂಗಿದಾಗ ಎಲ್ಲ ಮುಗಿದಿರಲಿಲ್ಲ. ಒಂದು ಕುಳಿಯ ಮದ್ದು ಸಿಡಿಯದೆ ಉಳಿದಿತ್ತು. ಬಂಡೆಗೆ ಕುಳಿ ಕೊರೆಯುವ ಡ್ರಿಲ್ಲರ್ ಮೇಲಿನ ಕಾಲುದಾರಿಯಲ್ಲಿ ಕಾವಲು ನಿಂತಿದ್ದವನು ಹಾರ್ನನ್ನು ನಂಬಿ ಕೆಳಗಿಳಿದನಂತೆ. ಮದ್ದು ಆಗ ಸಿಡಿಯಿತು. ಈಗ ಅವನು ಆಸ್ಪತ್ರೆಯಲ್ಲಿದ್ದಾನೆ. ದವಡೆಗೆ ತಂತಿ ಬಿಗಿದಿದ್ದಾರೆ. ಜೀವ ಇದೆ, ಮಾತಿಲ್ಲ.

ಹಾರ್ನ್ ಒತ್ತಿದವರು ಯಾರೂ ಇಲ್ಲ, ತಾನಾಗಿಯೇ ಕೂಗಿತು, ವೈರಿಂಗ್ ಕೆಟ್ಟದ್ದು ಎಂದು ಮ್ಯಾನೇಜರ್ ಪೊಲೀಸರಿಗೆ ಬರೆದುಕೊಟ್ಟಿದ್ದರು. ವೈರಿಂಗ್ ಮಾಡಿದ ಕರೆಂಟಣ್ಣನ ಅಂಗಡಿಯ ಷಟರ್ ಅಂದಿನಿಂದ ಮೇಲೆದ್ದಿಲ್ಲ.

ಅಂಗಡಿ ಹೋದರೆ ಹೋಗಲಿ. ಆ ಡ್ರಿಲ್ಲರ್ ಅವನ ಅಕ್ಕನ ಗಂಡ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಆಸ್ಪತ್ರೆಗೆ ಅವನು ಕಳಿಸಿದ ಊಟದ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ಸು ಬಂದಿತ್ತು. ಜೊತೆಗೆ ಒಂದೇ ಮಾತು: ನಿನ್ನ ಕೈ ಮುಟ್ಟಿದ್ದು ಇನ್ನು ನಮಗೆ ಬೇಡ.

"ಜಗಳ ಆಮೇಲೆ ಆಡಿ," ಎಂದರು ಸರ್ವೇಯರ್ ಮೇಡಂ. "ಮೊದಲು ನನಗೆ ಪಾಠ ಹೇಳಿ, ಕರೆಂಟಣ್ಣ. ನಾನು ದಡ್ಡಿ ಅಂತಲೇ ತಿಳ್ಕೊಂಡು ಹೇಳಿ."

ಮೇಡಂ ವಿಮಾ ಕಂಪನಿಯವರು. ಡಿಕ್ಕಿ ಹೊಡೆದ ಲಾರಿ, ಸುಟ್ಟ ಟ್ರ್ಯಾಕ್ಟರು, ಕೆರೆಗೆ ಬಿದ್ದ ಕಾರು ಎಲ್ಲದರ ಮುಂದೆಯೂ ಅವರು ಮೊಮ್ಮಗುವನ್ನು ಮೊದಲ ಸಲ ನೋಡಲು ಬಂದ ಅಜ್ಜಿಯ ಮುಖ ಹೊತ್ತು ನಿಲ್ಲುತ್ತಿದ್ದರು. ಗಾಡಿಗಳ ಕೆಳಗೆ ಮಲಗಲು ಒಂದು ಹಳೆಯ ಹೂವಿನ ಬೆಡ್‌ಶೀಟು ಸದಾ ಚೀಲದಲ್ಲಿರುತ್ತಿತ್ತು. ಮನುಷ್ಯರು ವಿಮೆಯವರಿಗೆ ಸುಳ್ಳು ಹೇಳುವುದನ್ನು ಕೇಳಿ ಕೇಳಿ ಅವರಿಗೆ ಯಂತ್ರಗಳ ಮೇಲೆ ಪ್ರೀತಿ ಬೆಳೆದಿತ್ತು.

ಕರೆಂಟಣ್ಣ ಕುಕ್ಕರುಗಾಲಲ್ಲಿ ಕೂತ. ಕೆಲಸದ ಮಾತು ಬಂದೊಡನೆ ಅವನ ಮುಖಕ್ಕೆ ರಕ್ತ ವಾಪಸ್ಸು ಬಂತು.

"ಹಾರ್ನ್ ಅಂದ್ರೆ ಹೊಟ್ಟೆಬಾಕ ಮೇಡಂ. ಅದು ಎಳೆಯೋ ಕರೆಂಟನ್ನ ಹ್ಯಾಂಡಲ್ ಮೇಲಿನ ಈ ಪುಟಾಣಿ ಗುಂಡಿ ತಡ್ಕೊಳ್ಳಲ್ಲ. ಸುಟ್ಟುಹೋಗುತ್ತೆ. ಅದಕ್ಕೇ ನಡುವೆ ಈ ಕಪ್ಪು ಡಬ್ಬಿ, ರಿಲೇ. ದಲ್ಲಾಳಿ ಅಂತ ಇಟ್ಕೊಳ್ಳಿ. ಗುಂಡಿ ದಲ್ಲಾಳಿಗೆ ಕಣ್ಣು ಹೊಡೆಯುತ್ತೆ. ದಲ್ಲಾಳಿ ಬ್ಯಾಟರಿ ಕಡೆಯಿಂದ ತಗೊಂಡು ಹಾರ್ನಿಗೆ ಕೊಡ್ತಾನೆ."

"ಕಮಿಷನ್ನು?"

"ಟಿಕ್ ಅಂತ ಒಂದು ಸದ್ದು. ಅಷ್ಟೇ."

"ಪಾಪ, ಮರ್ಯಾದಸ್ಥ," ಎಂದರು ಮೇಡಂ. "ಆಮೇಲೆ?"

"ಆ ದಲ್ಲಾಳಿಗೆ ಎಚ್ಚರ ಇರೋದು ಕೀ ಆನ್ ಇದ್ದಾಗ ಮಾತ್ರ. ಹಿಂದಿನ ದೀಪದ ವೈರಿನಿಂದ ಅವನಿಗೆ ಕರೆಂಟು ಕೊಟ್ಟಿದೀನಿ. ಕೀ ತೆಗೆದ್ರೆ ದೀಪಾನೂ ಇಲ್ಲ, ಅವನೂ ನಿದ್ದೆ. ಆಗ ಗುಂಡಿ ಒತ್ತಿ, ಗುದ್ದಿ, ಬೇಕಾದ್ರೆ ಮೇಲೆ ಕೂತ್ಕೊಳ್ಳಿ. ಕಪ್ಪೆ ಮೂಕ. ಇಲ್ದಿದ್ರೆ ದಾರೀಲಿ ಹೋಗೋರೆಲ್ಲ ಒತ್ತಿ ಒತ್ತಿ ಬ್ಯಾಟರಿ ಖಾಲಿ ಮಾಡ್ತಾರೆ."

"ಕೀ ಎಲ್ಲಿ?"

ಮೂಲೆಯಲ್ಲಿ ನಿಂತಿದ್ದ ಮದ್ದಿನಜ್ಜ ಜೇಬಿನಿಂದ ಕೀ ತೆಗೆದು ಕೊಟ್ಟ. ಬಂಡೆಗೆ ಮದ್ದು ತುಂಬಿ ಸಿಡಿಸುವುದು ಅವನ ಕೆಲಸ. ಆಯುಷ್ಯವೆಲ್ಲ ಸ್ಫೋಟಗಳ ಪಕ್ಕದಲ್ಲಿ ಕಳೆದದ್ದರಿಂದ ಅವನು ಮೆಲ್ಲಗೆ ಮಾತಾಡುತ್ತಿದ್ದ, ಮೆಲ್ಲಗೆ ನಡೆಯುತ್ತಿದ್ದ, ಬಾಗಿಲನ್ನು ಕೂಡ ಮಗು ಮಲಗಿದ ಮನೆಯಲ್ಲಿ ಹಾಕುವಂತೆ ಹಾಕುತ್ತಿದ್ದ.

ಮೇಡಂ ಕೀಯನ್ನು ತಮ್ಮ ಚೀಲಕ್ಕೆ ಹಾಕಿ ಜಿಪ್ ಎಳೆದರು. ಆಮೇಲೆ ಹೆಬ್ಬೆರಳಿಂದ ಗುಂಡಿ ಒತ್ತಿದರು.

ಕಪ್ಪೆ ಕೂಗಿತು.

ತಗಡಿನ ಷೆಡ್ಡು ಆ ಕೂಗನ್ನು ಹಿಡಿದು ನಾಲ್ಕು ಪಟ್ಟು ಮಾಡಿ ವಾಪಸ್ಸು ಕೊಟ್ಟಿತು. ಮ್ಯಾನೇಜರರ ಫೋನು ಕೈಜಾರಿ ನೆಲಕ್ಕೆ ಬಿತ್ತು. ಮದ್ದಿನಜ್ಜ ಕಣ್ಣು ಮುಚ್ಚಿಕೊಂಡ. ಕರೆಂಟಣ್ಣ ನೆಲ ನೋಡುತ್ತಿದ್ದ.

ಮೇಡಂ ಹಾರ್ನನ್ನು ನೋಡುತ್ತಿರಲಿಲ್ಲ. ಈ ಮೂವರನ್ನು ನೋಡುತ್ತಿದ್ದರು.

"ಕಂಡಿರಾ?" ಮ್ಯಾನೇಜರ್ ಫೋನಿನ ಧೂಳು ಒರೆಸುತ್ತ ಗೆದ್ದವರ ದನಿಯಲ್ಲಿ ಹೇಳಿದರು. "ನೋಡಿ ಮೇಡಂ, ನಾನು ನೇರವಾಗಿ ಮಾತಾಡೋ ಮನುಷ್ಯ. ಕೀ ಇಲ್ಲ, ಕೂಗ್ತು. ಇವನ ದಲ್ಲಾಳಿಗೆ ನಿದ್ದೆಯಂತೆ!"

ಮೇಡಂ ಆಗಲೇ ಬೆಡ್‌ಶೀಟು ಹಾಸಿ ಸೀಟಿನ ಅಡಿಗೆ ತಲೆ ತೂರಿಸಿದ್ದರು. ಸ್ವಲ್ಪ ಹೊತ್ತು ಟಾರ್ಚಿನ ಬೆಳಕು ಮಾತ್ರ ಅತ್ತಿತ್ತ ಓಡಾಡಿತು.

"ಕರೆಂಟಣ್ಣ, ಮೇಲೆ ಕಪ್ಪು ಪ್ಲಾಸ್ಟಿಕ್ ಕೊಳವೆ ತೊಡಿಸಿ, ಬಿಸಿ ತೋರಿಸಿ ಬಿಗಿ ಮಾಡಿರೋ ಈ ಜೋಡಣೆ ನಿಮ್ದಾ?"

"ನಂದೇ."

"ಚೆನ್ನಾಗಿದೆ. ಆ ಹಳದಿ ವೈರು?"

ಕರೆಂಟಣ್ಣ ಬಗ್ಗಿ ಸೀಟಿನ ಅಡಿ ಇಣುಕಿದ.

"ಬ್ಯಾಟರಿಯಿಂದ ಒಂದು ಹಳದಿ ವೈರು ಹೊರಟು, ಸೀದಾ ಬಂದು ನಿಮ್ಮ ದಲ್ಲಾಳಿಯ ಕಿವಿ ಹಿಡಿದು ಎಬ್ಬಿಸಿದೆ. ಜಡೆ ಹೆಣೆದ ಹಾಗೆ ಹೊಸೆದು, ಮೇಲೆ ಗಾಯಕ್ಕೆ ಹಚ್ಚೋ ಪ್ಲಾಸ್ಟರ್ ಸುತ್ತಿದಾರೆ."

"ನಂದಲ್ಲ," ಎಂದ ಕರೆಂಟಣ್ಣ. ದನಿಯಲ್ಲಿ ಮೊದಲ ಸಲ ಅವಮಾನವಾದ ಕೋಪವಿತ್ತು. "ಒಂಟಿ ಎಳೆಯ ತಂತಿ ಅದು. ಗಾಡಿಗೆ ಅಂಥದ್ದು ಯಾರೂ ಹಾಕಲ್ಲ. ಅದುರಿ ಅದುರಿ ಮುರಿದುಹೋಗುತ್ತೆ. ಪ್ಲಾಸ್ಟರ್ ಬೇರೆ! ಜ್ವರ ಬಂದಿತ್ತಾ ಗಾಡಿಗೆ?"

"ಗಾಡಿಗೆ ಹಾಕದ ತಂತಿಯನ್ನ ಇಲ್ಲಿ ಯಾತಕ್ಕೆ ಹಾಕ್ತಾರೆ?" ಮೇಡಂ ಹೊರಗೆ ಬಂದು ಎದ್ದು ಕೂತರು. ತಲೆಗೆ ಗ್ರೀಸ್ ಮೆತ್ತಿತ್ತು. ಅವರು ಕೇಳಿದ್ದು ಕರೆಂಟಣ್ಣನನ್ನಲ್ಲ.

ಮದ್ದಿನಜ್ಜ ಗಂಟಲು ಸರಿಮಾಡಿಕೊಂಡ. "ಕುಳಿಯೊಳಗಿನ ಮದ್ದಿಗೆ ಕಿಡಿ ಒಯ್ಯೋ ತಂತಿ ತಾಯಿ ಅದು. ನನ್ನ ಬೀಗದೊಳಗೇ ಇರೋದು. ನಾನೇ ಹಾಕಿದ್ದು."

"ಅಜ್ಜ!" ಎಂದರು ಮ್ಯಾನೇಜರ್.

"ಸುಮ್ನಿರಿ ಸಾಹೇಬ್ರೇ, ಹೇಗಾದ್ರೂ ಮಾಡ್ಕೋ ಅಜ್ಜ ಅಂದಿದ್ದು ನೀವೇ." ಅವನು ಮೇಡಂ ಕಡೆಗೆ ತಿರುಗಿದ. "ಇಲ್ಲಿ ಒಂದು ಕಟ್ಟಳೆ ಇದೆ ತಾಯಿ. ಸಿಡಿಸೋಕೆ ಮುಂಚೆ ಎಲ್ಲ ಗಾಡಿಗಳ ಕೀ ನನ್ನ ಪೆಟ್ಟಿಗೆಗೆ ಬರಬೇಕು. ಒಳಗೆ ಒಂದೊಂದು ಗಾಡಿಗೆ ಒಂದೊಂದು ಮೊಳೆ. ಎಲ್ಲ ಮೊಳೆ ತುಂಬಿದ ಮೇಲೇ ಪೆಟ್ಟಿಗೆಗೆ ಬೀಗ. ಬಂಡೆ ನೋಡಿಕೊಂಡು ಬಂದು, ಎಲ್ಲ ಸರಿ ಅಂತ ಕೂಗಿಸೋವರೆಗೂ ಬೀಗ ತೆಗೆಯಲ್ಲ. ನಮ್ಮಪ್ಪನ ಕಾಲದಿಂದ ಹೀಗೇ. ಈಗ ಹೇಳಿ, ಕಪ್ಪೆಯ ಕೀ ಪೆಟ್ಟಿಗೆಯೊಳಗೆ. ನಾನು ಹಾರ್ನ್ ಹೇಗೆ ಕೂಗಿಸ್ಲಿ?"

ಕರೆಂಟಣ್ಣ ಇಡೀ ಜೀವಮಾನ ಕಲಿತದ್ದನ್ನೆಲ್ಲ ಸುರಿದು ಮಾಡಿದ ಕೆಲಸ ಜಗತ್ತಿನ ಯಾವ ಗಾಡಿಗಾದರೂ ಸರಿಯಾಗಿತ್ತು, ಈ ಒಂದು ಕ್ವಾರಿಯನ್ನು ಬಿಟ್ಟು. ಇಲ್ಲಿ ಹಾರ್ನ್ ಬೇಕಾಗುತ್ತಿದ್ದದ್ದು ಕೀ ಇಲ್ಲದ ಹೊತ್ತಿಗೇ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

"ಸರಿ," ಎಂದರು ಮೇಡಂ. "ಹಳದಿ ವೈರು ದಲ್ಲಾಳಿಯನ್ನ ಎಚ್ಚರವಾಗಿ ಇಡುತ್ತೆ. ಆದರೆ ಎಚ್ಚರ ಇದ್ದ ಮಾತ್ರಕ್ಕೆ ಅವನು ತಾನಾಗೇ ಕೂಗಬೇಕಿಲ್ಲ. ಗುಂಡಿಯ ವೈರು ಎಲ್ಲಾದ್ರೂ ಸಿಪ್ಪೆ ಬಿಟ್ಟು ಗಾಡಿಯ ಕಬ್ಬಿಣಕ್ಕೆ ತಾಗಬೇಕು. ಅಲ್ವಾ?"

"ಹೌದು. ಇಲ್ಲಾಂದ್ರೆ ರಿಲೇ ಒಳಗೇ ಅಂಟ್ಕೋಬೇಕು. ಒತ್ತಿ ಬಿಟ್ಟ ಮೇಲೂ ಬಿಡದೆ ಹಿಡ್ಕೋಬೇಕು."

ಅಲ್ಲಿಂದ ಮುಂದೆ ನಡೆದದ್ದನ್ನು ಚಿತ್ರಹಿಂಸೆ ಎನ್ನಬಹುದು. ಕಪ್ಪೆಗೆ ಬಾಯಿ ಇದ್ದದ್ದು ಕೂಗುವುದಕ್ಕಷ್ಟೇ, ದೂರುವುದಕ್ಕಲ್ಲ. ಮೇಡಂ ಗುಂಡಿಯ ವೈರನ್ನು ಮೇಲಿನಿಂದ ಕೆಳಗಿನವರೆಗೆ, ಎಡಗಡೆಯಿಂದಲೇ, ಜಪಮಣಿ ಎಣಿಸುವಂತೆ ಬೆರಳಾಡಿಸಿ ನೋಡಿದರು. ಎಲ್ಲೂ ಗೀರಿಲ್ಲ. ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರು. ಹಿಂದಿನ ಚಕ್ರ ಎತ್ತಿ ಧೊಪ್ಪನೆ ಬೀಳಿಸಿದರು. ಬಕೆಟ್ ನೀರು ಹೊಯ್ದರು. ಕಪ್ಪೆ ತುಟಿ ಬಿಚ್ಚಲಿಲ್ಲ.

ಕರೆಂಟಣ್ಣ ಪಕ್ಕದಲ್ಲೇ ನಿಂತಿದ್ದ. ಆಪರೇಷನ್ ಕೋಣೆಯ ಹೊರಗೆ ನಿಂತವರು ಹಾಗೆ ನಿಲ್ಲುತ್ತಾರೆ.

"ಈಗ ಒತ್ತಿ ನೋಡಿ ಮೇಡಂ. ಚಿಕ್ಕದಾಗಿ. ಮುಟ್ಟಿ ಬಿಡಿ, ಅಷ್ಟೇ."

ಒತ್ತಿದರು. ಪೀಕ್ ಎಂದು ನಿಂತಿತು.

"ಇನ್ನೊಂದ್ಸಲ. ಚಿಕ್ಕದಾಗಿ."

ಪೀಕ್.

"ಇನ್ನೊಂದು. ಹಾಗಲ್ಲ, ಬೆಚ್ಚಿಬಿದ್ದು ಕೈ ತೆಗೀತಾರಲ್ಲ, ಹಾಗೆ."

ಮೇಡಂ ಬೆಚ್ಚಿಬಿದ್ದವರಂತೆ ಕೈ ತೆಗೆದರು. ಪೀಕ್. ದಲ್ಲಾಳಿ ಪ್ರತಿ ಸಲವೂ ಟಿಕ್ ಎಂದು ಹಿಡಿದ, ಟಿಕ್ ಎಂದು ಬಿಟ್ಟ. ಒಂದು ಸಲವೂ ಅಂಟಿಕೊಳ್ಳಲಿಲ್ಲ. ಹೆಬ್ಬೆರಳು ನೋಯುವವರೆಗೆ ಒತ್ತಿ ಮೇಡಂ ನಿಲ್ಲಿಸಿದರು.

"ನಿಮ್ಮ ವೈರಿಂಗ್ ತಾನಾಗೇ ಕೂಗೋದಲ್ಲ, ಕರೆಂಟಣ್ಣ. ಕೆಲಸ ಅಪ್ಪಟ ಚಿನ್ನ."

ಅವನು ಗೋಡೆಗೆ ಒರಗಿದ. ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡ. ಬೆರಳ ಸಂದಿಯಿಂದ ಒಂದೇ ಮಾತು ಬಂತು: "ಅಕ್ಕನಿಗೆ ಇದನ್ನ ನೀವೇ ಹೇಳ್ತೀರಾ ಮೇಡಂ?"

"ಹೇಳ್ತೀನಿ. ಅದಕ್ಕೆ ಮುಂಚೆ ಇನ್ನೊಂದು ವಿಷಯ." ಅವರು ಮದ್ದಿನಜ್ಜನ ಕಡೆ ತಿರುಗಿದರು. "ತಾನಾಗಿ ಕೂಗಿಲ್ಲ ಅಂದ್ರೆ ಒಂದು ಬೆರಳು ಒತ್ತಿದೆ. ಆವತ್ತು ಕಪ್ಪೆ ಎಲ್ಲಿತ್ತು?"

"ಬಂಡೆಯ ಹಿಂದಿನ ತಿರುವಲ್ಲಿ. ಅಲ್ಲಿಂದ ಕೂಗಿದ್ರೆ ಎರಡೂ ಕಡೆ ಕೇಳುತ್ತೆ. ನಾವೆಲ್ಲ ಕೆಳಗೆ, ಕಲ್ಲುಗೋಡೆ ಮರೇಲಿ. ಸಾಹೇಬ್ರು ನನ್ನ ಪಕ್ಕದಲ್ಲೇ, ಮೊಣಕೈ ತಾಗೋ ಹಾಗೆ."

"ಎಲ್ಲಾರೂ ಅಲ್ಲೇ ಇದ್ರು ಅಂತ ಹೇಗೆ ಗೊತ್ತು?"

"ಎಣಿಸ್ತೀನಲ್ಲ ತಾಯಿ, ಪ್ರತಿ ಸಲ."

"ಏನನ್ನ ಎಣಿಸ್ತೀರಿ?"

"ಕೀಗಳನ್ನ. ಎಲ್ಲ ಮೊಳೆ ತುಂಬಿತ್ತು."

"ಕೀ ಇಲ್ಲದವರನ್ನ?"

ಮದ್ದಿನಜ್ಜ ಖಾಲಿ ಜೇಬು ತಡವಿದ. ಅಪ್ಪನ ಕಾಲದ ಕಟ್ಟಳೆಯಲ್ಲಿ ಅಷ್ಟು ದೊಡ್ಡ ತೂತು ಇರಬಹುದೆಂದು ಅವನಿಗೆ ಈವರೆಗೆ ಯಾರೂ ತೋರಿಸಿರಲಿಲ್ಲ. "ಗಾಡಿ ಇಲ್ದೆ ಈ ಗುಡ್ಡ ಯಾರು ಹತ್ತಿ ಬರ್ತಾರೆ ತಾಯಿ?" ಎಂದ ಕೊನೆಗೆ, ತನ್ನನ್ನೇ ಕೇಳಿಕೊಂಡಂತೆ. "ಮೇಲಿನ ದಾರೀಲಿ ಡ್ರಿಲ್ಲರ್ ಒಬ್ಬ ನಡ್ಕೊಂಡು ನಿಂತಿದ್ದ. ಅವನು ಬಿಟ್ರೆ..."

"ಅವನು ಬಿಟ್ರೆ ಇನ್ನೊಬ್ಬರು," ಎಂದರು ಮೇಡಂ. ದನಿ ಏರಲಿಲ್ಲ. "ಕರೆಂಟಣ್ಣ, ಕೀ ಇಲ್ಲದೆ ನಾನು ಮೊದಲ ಸಲ ಹಾರ್ನ್ ಒತ್ತಿದಾಗ ಮ್ಯಾನೇಜರ್ ಬೆಚ್ಚಿದ್ರು, ಅಜ್ಜ ಕಣ್ಣು ಮುಚ್ಚಿದ್ರು. ಕಪ್ಪೆ ಮೂಕ ಅಂತ ಆಗ ತಾನೇ ಆಣೆ ಹಾಕಿದವರು ನೀವು. ಎಲ್ಲರಿಗಿಂತ ಹೆಚ್ಚು ಬೆಚ್ಚಿಬೀಳಬೇಕಾದವರು. ನೀವು ನೆಲ ನೋಡ್ತಾ ಇದ್ರಿ. ಯಾಕೆ?"

ಕರೆಂಟಣ್ಣ ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಆಮೇಲೆ ಚಿಕ್ಕದಾಗಿ ಒತ್ತಿ, ಬೆಚ್ಚಿ ಕೈ ತೆಗೆದ ಹಾಗೆ ಒತ್ತಿ ಅಂತ ಎಷ್ಟು ಸಲ ಕೇಳಿದ್ರಿ! ಜನ ಕೇಳಿದ್ದು ಉದ್ದದ ಹಾರ್ನು. ಚಿಕ್ಕದ್ದರ ಯೋಚನೆ ನಿಮಗೆಲ್ಲಿಂದ ಬಂತು?"

"ನೀವು ನನ್ನನ್ನ ಕೇಳಲೇ ಇಲ್ಲ, ಮೇಡಂ," ಎಂದ ಅವನು, ಬಹಳ ಮೆಲ್ಲಗೆ. "ಆವತ್ತು ಬಂದಿದ್ಯಾ ಅಂತ ಯಾರೂ ಕೇಳಲಿಲ್ಲ. ಪೊಲೀಸರೂ ಕೇಳಲಿಲ್ಲ. ವೈರಿಂಗ್ ಬಗ್ಗೆ ಮಾತ್ರ ಕೇಳಿದ್ರು."

"ಈಗ ಕೇಳ್ತಿದೀನಿ."

"ಹಿಂದಿನ ಕಾಲುದಾರಿ ಹತ್ಕೊಂಡು ಬಂದೆ. ಬರ್ತಾ ಇರೋವಾಗ ಬಂಡೆ ಸಿಡಿದ ಸದ್ದು ಕೇಳ್ತು. ಮುಗೀತು ಅಂದ್ಕೊಂಡೆ. ಕಪ್ಪೆ ಹತ್ರ ಯಾರೂ ಇರಲಿಲ್ಲ. ಹಾರ್ನ್ ಕೂತಿರೋ ಪಟ್ಟಿ ಸಡಿಲ ಆಗಿತ್ತು, ಬಿಗಿ ಮಾಡಿದೆ. ಕೀ ಇರಲಿಲ್ಲ. ಕೀ ಇಲ್ಲದ ಮೇಲೆ ಕೂಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುಂಡಿ ಧೂಳಾಗಿತ್ತು. ಹೆಬ್ಬೆರಳಲ್ಲಿ ಒರೆಸಿದೆ." ಅವನು ಹೆಬ್ಬೆರಳನ್ನು ಯಾರದೋ ಹೆಬ್ಬೆರಳೆಂಬಂತೆ ನೋಡಿದ. "ಪೀಕ್ ಅಂತು. ಹಾವು ಮುಟ್ಟಿದ ಹಾಗೆ ಕೈ ತೆಗೆದೆ. ಬೈತಾರೆ ಅಂತ ಓಡಿದೆ. ಅಷ್ಟು ದೂರ ಇಳಿದಿದ್ದೆ, ಹಿಂದಿನಿಂದ ಮತ್ತೆ ಕೂಗ್ತು. ಉದ್ದಕ್ಕೆ. ಆಮೇಲೆ ಇನ್ನೊಂದು ಸಿಡಿತ. ಆಮೇಲೆ ಕಿರುಚಾಟ."

"ಉದ್ದದ್ದು ನೀವು ಒತ್ತಿದ್ದಲ್ಲ?"

"ಅಲ್ಲ. ಅಕ್ಕನ ಮೇಲಾಣೆ ಅಲ್ಲ. ನಾನು ಮುಟ್ಟಿದ್ದಕ್ಕೆ ರಿಲೇ ಕೆಟ್ಟು, ಅಂಟ್ಕೊಂಡು, ತಾನೇ ಕೂಗಿತೇನೋ ಅಂತ ಇಷ್ಟು ದಿನ ನಿದ್ದೆ ಮಾಡಿಲ್ಲ. ಅದೊಂದು ಗೊತ್ತಾಗಬೇಕಿತ್ತು. ಅದಕ್ಕೇ ನಿಮ್ಮನ್ನ ಒತ್ತಿ ಒತ್ತಿ ಅಂದಿದ್ದು."

"ಅಜ್ಜ, ನಿಮಗೆ ಮೊದಲು ಚಿಕ್ಕದೊಂದು ಕೇಳಿಸ್ತಾ?"

ಮದ್ದಿನಜ್ಜ ಯೋಚಿಸಿದ. ಸುಳ್ಳು ಹೇಳಿದರೆ ಹುಡುಗ ಉಳಿಯುತ್ತಾನೆ ಎಂಬುದು ಅವನಿಗೂ ಹೊಳೆದಿರಬೇಕು. "ಇಲ್ಲ ತಾಯಿ," ಎಂದ. "ಸಿಡಿತದ ಪಕ್ಕ ಕೂತವನ ಕಿವಿ ಇದು. ನನಗೆ ಕೇಳಿದ್ದು ಒಂದೇ, ಉದ್ದದ್ದು. ಓಡಿಹೋಗಿ ನೋಡಿದಾಗ ಕಪ್ಪೆ ಹತ್ರ ಯಾರೂ ಇರಲಿಲ್ಲ."

ಮ್ಯಾನೇಜರ್ ಫೋನು ಕಿವಿಗಿಟ್ಟುಕೊಂಡು ಬಾಗಿಲ ಕಡೆ ನಡೆದಾಗಿತ್ತು. ನೇರವಾಗಿ ಮಾತಾಡುವ ಮನುಷ್ಯ ಈಗ ಕೈ ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದರು. ಹೊರಗಿನವನೊಬ್ಬ ಒಳಗೆ ನುಗ್ಗಿ ಗುಂಡಿ ಒತ್ತಿದನೆಂದರೆ, ಸೈರನ್ ತರದ ಕ್ವಾರಿಯ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ಮೇಡಂ ಬೆಡ್‌ಶೀಟು ಮಡಚುತ್ತಿದ್ದರು. ಒಂದು ಮಡಿಕೆ ಉಳಿದಿರುವಾಗ ಕೈ ನಿಂತಿತು.

"ಪಟ್ಟಿ ಸಡಿಲ ಆಗಿರೋದು ನಿಮಗೆ ಹೇಗೆ ಗೊತ್ತಾಯ್ತು? ಅಂಗಡಿಯಲ್ಲಿ ಕೂತವರಿಗೆ?"

"ಫೋನ್ ಬಂತು. ಹಾರ್ನ್ ಪಟ್ಟಿ ಸಡಿಲ ಆಗಿದೆ, ಈಗಲೇ ಬಾ, ಹಿಂದಿನ ದಾರೀಲಿ ಬಾ, ಯಾರಿಗೂ ಹೇಳಬೇಡ ಅಂತ."

"ಮ್ಯಾನೇಜರ್ ಮಾಡಿದ್ರಾ?"

ಕರೆಂಟಣ್ಣ ಅಲ್ಲವೆಂದು ತಲೆಯಾಡಿಸಿದ. ಅಕ್ಕನಿಗೆ ಇಷ್ಟು ದಿನ ಹೇಳದೆ ನುಂಗಿಕೊಂಡದ್ದು ಇದನ್ನೇ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

"ಭಾವ," ಎಂದ. "ಸಿಡಿಸೋಕೆ ಸ್ವಲ್ಪ ಮುಂಚೆ. ಮೇಲಿನ ದಾರಿಯಿಂದ ಭಾವಾನೇ ಮಾಡಿದ್ದು."

ಕೀ ಇಲ್ಲದೆ ಗುಡ್ಡದ ಮೇಲಿದ್ದವರು ಇಬ್ಬರೇ; ಉದ್ದದ್ದು ಇವನ ಬೆರಳಲ್ಲವಾದರೆ ಉಳಿದದ್ದು ದವಡೆಗೆ ತಂತಿ ಬಿಗಿಸಿಕೊಂಡು ಮಲಗಿದವನ ಬೆರಳು.

ಮಧ್ಯಾಹ್ನ ಮೇಡಂ ವರದಿ ಬರೆದರು. ವೈರಿಂಗಿನಲ್ಲಿ ಯಾವ ದೋಷವೂ ಇಲ್ಲ; ಹಾರ್ನ್ ಕೂಗಿದ್ದು ಯಾರೋ ಒತ್ತಿದ್ದರಿಂದ. ಸಂಜೆಯೊಳಗೆ ಪೊಲೀಸರು ಬಂದು, ಗುಂಡಿ ಮುಟ್ಟಿದೆನೆಂದು ಒಪ್ಪಿಕೊಂಡಿದ್ದ ಒಬ್ಬನೇ ಒಬ್ಬನನ್ನು, ವೈರಿಂಗ್ ಮಾಡಿದವನನ್ನು, ಕರೆದುಕೊಂಡು ಹೋದರು.